ನಲವತ್ತಮೂರು ಬೆನ್ನುಗಳು

ಒದ್ದೆ ಸ್ಲೇಟಿನ ವಾಸನೆ. ಅದು ಕಲ್ಲಿನದೂ ಅಲ್ಲ, ನೀರಿನದೂ ಅಲ್ಲ. ಬರೆದದ್ದನ್ನು ಒರೆಸಿದ ಮೇಲೆ ಬಟ್ಟೆಯ ಚೂರಿನಲ್ಲಿ ಉಳಿಯುವ, ಬೂದಿಗೂ ಹುಳಿಗೂ ನಡುವಿನ ಒಂದು ವಾಸನೆ. ಎಂಟೊಂಬತ್ತು ವರ್ಷದವಳಿದ್ದಾಗ ಅವಳ ಅಂಗೈಯೆಲ್ಲ ಅದೇ. ನಲವತ್ತೆಂಟನೆಯ ವಯಸ್ಸಿನ ಈ ಬೆಳಿಗ್ಗೆ, ಆಸ್ಪತ್ರೆಯ ಎರಡನೆಯ ಮಹಡಿಯ ತುದಿಕೋಣೆಯಲ್ಲಿ, ಸ್ಲೇಟೂ ಬಳಪವೂ ಇಲ್ಲದ ಕಡೆ, ಅದು ಎಲ್ಲಿಂದ ಬಂತೋ. ಕೋಣೆಯಲ್ಲಿದ್ದದ್ದು ಎರಡು ಕಂಪ್ಯೂಟರ್ ಪರದೆ, ಒಂದು ಕಾಲು ಗಿಡ್ಡವಾದ್ದರಿಂದ ಕಾಗದ ಮಡಿಸಿ ಆಸರೆ ಕೊಟ್ಟ ಮೇಜು, ಪೂರ್ತಿ ಮುಚ್ಚಲು ಬಾರದ ಕಿಟಕಿ. ಅವಳು ಆಗಷ್ಟೇ ಫೋನು ಇಟ್ಟಿದ್ದಳು. ಇಟ್ಟ ಕೈ ಇನ್ನೂ ಅದರ ಮೇಲೇ ಇತ್ತು.

ಫೋನು ಬಂದದ್ದು ಕೆಳಗಿನ ಉಗ್ರಾಣದಿಂದ. ಉಗ್ರಾಣ ನೋಡಿಕೊಳ್ಳುವ ಹಿರಿಯನನ್ನು ಇಡೀ ಆಸ್ಪತ್ರೆ ಉಗ್ರಾಣದಣ್ಣ ಎಂದೇ ಕರೆಯುತ್ತಿತ್ತು.

"ತಂಗೀ, ಒಬ್ರು ಬಂದು ನಿಂತಿದಾರೆ. ಬೀಗ ರಿಪೇರಿ ಮಾಡೋರಂತೆ. ತೀರಿಕೊಂಡ ಹೆಂಡ್ತಿ ಡಬ್ಬಿ ಕೇಳ್ತಿದಾರೆ. ನೀನು ಕೊಟ್ಟ ಪಟ್ಟೀಲಿ ಅವರ ಹೆಸರೇ ಇಲ್ವಲ್ಲಮ್ಮ."

"ಫಾರ್ಮ್ ತುಂಬಿದಾರಂತಾ?"

"ತುಂಬಿದೆ, ಧನ್ಯವಾದ ಅಂತ ಬಂತು ಅಂತಾರೆ. ಡಬ್ಬಿ ನಿನ್ನೇನೇ ಹೋಯ್ತು. ನಾನೇ ಕೈಯಾರೆ ಬೆಂಕಿಗೆ ಹಾಕಿದೆ."

"ಅವರೇ ಸರಿಯಾಗಿ ಒತ್ತಿಲ್ಲವೇನೋ ಅಣ್ಣಾ. ವಯಸ್ಸಾದೋರು ತಾನೆ?"

"ನನ್ನಷ್ಟೇ. ಹಂಗೇ ಹೇಳ್ಲಾ ಅವರಿಗೆ?"

"ಹೇಳಿ."

ಎರಡೇ ಅಕ್ಷರ. ನಾಲಿಗೆಯಿಂದ ಜಾರಿಹೋದದ್ದೇ ಗೊತ್ತಾಗಲಿಲ್ಲ. ಆ ಮೇಲೆ ಬಂದದ್ದು ಈ ವಾಸನೆ.

ಆಸ್ಪತ್ರೆಯ ಹಳೆಯ ಭಾಗವನ್ನು ಕೆಡವುವುದೆಂದು ಗೊತ್ತಾಗಿ ಮೂರು ತಿಂಗಳಾಗಿತ್ತು. ಅಲ್ಲಿ ಒಂದು ಕೋಣೆಯ ತುಂಬ ಜನ ಬಿಟ್ಟುಹೋದ ಸಾಮಾನು. ಗುಣವಾದ ಖುಷಿಯಲ್ಲಿ ಮರೆತು ಹೋದವರದು ಸ್ವಲ್ಪ; ಉಳಿದದ್ದೆಲ್ಲ ಇಲ್ಲಿಂದ ಬೇರೆ ರೀತಿ ಹೋದವರದು. ಕನ್ನಡಕ, ಊರುಗೋಲು, ಅರ್ಧ ಹೆಣೆದ ಟೋಪಿ, ಒಂದೇ ಕಾಲಿನ ಚಪ್ಪಲಿ. ತಮ್ಮವರದು ಏನಾದರೂ ಇದ್ದರೆ ಕೇಳಿಕೊಳ್ಳಲಿ ಎಂದು ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಒಂದು ತಿಂಗಳು ಫಾರ್ಮ್ ಇಟ್ಟರು. ಹೆಸರು, ವಿಳಾಸ, ಫೋನ್, ಯಾರ ವಸ್ತು, ಏನು ವಸ್ತು. ಕೆಳಗೆ 'ಹೇಳುವುದೇನಾದರೂ ಇದ್ದರೆ' ಎಂದು ಒಂದು ದೊಡ್ಡ ಚೌಕ. ಫಾರ್ಮ್ ಮಾಡಿದವಳು ಅವಳೇ. ಕಳೆದ ಶುಕ್ರವಾರ ಗಡುವು ಮುಗಿಯಿತು. ಡೇಟಾಬೇಸಿನಲ್ಲಿದ್ದ ಹೆಸರುಗಳನ್ನೆಲ್ಲ ಅಚ್ಚು ಹಾಕಿ ಉಗ್ರಾಣಕ್ಕೆ ಕೊಟ್ಟಳು. ಯಾರೂ ಕೇಳದ ಸಾಮಾನನ್ನು ಸೋಮವಾರದಿಂದ ಬಟ್ಟೆ ಒಗೆಯುವ ಕಟ್ಟಡದ ಹಿಂದಿನ ಒಲೆಗೆ ಹಾಕತೊಡಗಿದರು. ಇಂದು ಮಂಗಳವಾರ. ನಿನ್ನೆ ಅರ್ಧ ಮುಗಿದಿತ್ತು. ಉಳಿದರ್ಧ ಇಂದು ಊಟವಾದ ಮೇಲೆ, ಎರಡು ಗಂಟೆಗೆ.

ಅವಳು ಲಾಗ್ ತೆರೆದಳು. ಸರ್ವರ್ ತನ್ನಷ್ಟಕ್ಕೆ ಬರೆದಿಟ್ಟುಕೊಳ್ಳುವ ಪುಸ್ತಕ ಅದು, ಗೇಟಿನ ಕಾವಲುಗಾರನದಿದ್ದ ಹಾಗೆ. ಬಂದವರು ಯಾವ ಯಂತ್ರದಿಂದ ಬಂದರು, ಎಷ್ಟು ಹೊತ್ತಿಗೆ, ಹೊತ್ತು ತಂದ ಗಂಟು ಎಷ್ಟು ದೊಡ್ಡದು ಎಂದು ಬರೆಯುತ್ತದೆ. ಗಂಟು ಬಿಚ್ಚಿ ನೋಡುವುದಿಲ್ಲ. ಧನ್ಯವಾದದ ಪುಟ ತೋರಿಸಿದ್ದು ಇನ್ನೂರ ಹನ್ನೆರಡು ಸಲ. ಡೇಟಾಬೇಸಿನ ಟೇಬಲ್ಲಿನಲ್ಲಿ, ಒಬ್ಬರಿಗೊಂದರಂತೆ, ಉಳಿದಿದ್ದ ಸಾಲು ನೂರ ಅರವತ್ತೊಂಬತ್ತು. ಮತ್ತೆ ಎಣಿಸಿದಳು. ಬೆರಳಿನಲ್ಲಿ ಎಣಿಸುವ ಲೆಕ್ಕವಲ್ಲ, ಯಂತ್ರ ಎಣಿಸುತ್ತದೆ. ಆದರೂ ಬೆರಳು ಮಡಿಸಿದಳು. ನಲವತ್ತಮೂರು. ನಲವತ್ತಮೂರಕ್ಕೆ ನಲವತ್ತಮೂರೂ ಕೆಳಗಿನ ಹಜಾರದಲ್ಲಿ ಜನರಿಗೆಂದೇ ಇಟ್ಟ ಆ ಒಂದು ಕಂಪ್ಯೂಟರಿನಿಂದ ಬಂದದ್ದು. ಎರಡನೆಯ ವಾರದ ಬುಧವಾರದ ನಂತರದ್ದು.

ಆ ಬುಧವಾರ ಮೇಲ್ವಿಚಾರಕಿ, ಎಲ್ಲರ ಬಾಯಲ್ಲಿ ದೊಡ್ಡಮೇಡಂ, ಮೆಟ್ಟಿಲ ಹತ್ತಿರ ಅವಳನ್ನು ತಡೆದು ಹೇಳಿದ್ದರು: "ಫೋನ್ ನಂಬರ್ ಇಲ್ದಿದ್ರೆ ನಿನ್ನ ಫಾರ್ಮ್ ಮುಂದಕ್ಕೇ ಬಿಡಲ್ಲವಂತೆ. ಎಲ್ಲರ ಹತ್ರ ಎಲ್ಲಿರುತ್ತೆ ಫೋನು? ಪಾಪ, ಬಿಡು." ಅವಳಿಗೆ ಸಂತೋಷವಾಗಿತ್ತು. ಒಳ್ಳೆಯ ಕೆಲಸ, ಸುಲಭದ್ದು ಬೇರೆ. ನಿಂತಲ್ಲೇ, ಕುರ್ಚಿಯಲ್ಲಿ ಕೂಡದೆ, ಪುಟದಿಂದ ಆ ಕಡ್ಡಾಯ ತೆಗೆದುಹಾಕಿದಳು. ಎರಡು ನಿಮಿಷ. ಆ ಸಂಜೆ ಬಸ್ಸಿನಲ್ಲಿ ಕೂತು ಫೋನಿಲ್ಲದ ಯಾರೋ ಒಬ್ಬರು ಇನ್ನು ಮೇಲೆ ತಡೆಯಿಲ್ಲದೆ ಒತ್ತುವುದನ್ನು ನೆನೆದು ತನ್ನಷ್ಟಕ್ಕೆ ನಕ್ಕದ್ದೂ ನೆನಪಿದೆ. ಮರೆತದ್ದು ಒಂದೇ: ಒಳಗೆ, ಟೇಬಲ್ಲಿನಲ್ಲಿ, ಫೋನಿನ ಖಾನೆ ಖಾಲಿ ಇರಕೂಡದು ಎಂದು ಮೊದಲ ದಿನ ಅವಳೇ ಕಟ್ಟಳೆ ಹಾಕಿದ್ದಳು. ಹೊರಬಾಗಿಲು ತೆರೆದು ಒಳಬಾಗಿಲು ಮರೆತಿದ್ದಳು. ಫೋನಿಲ್ಲದವರು ಬಂದರು, ಬರೆದರು, ಒತ್ತಿದರು. ಡೇಟಾಬೇಸು ಒಲ್ಲೆ ಎಂದಿತು. ಒಂದೊಂದು ಸಲವೂ, ತಪ್ಪದೆ, ನಿಷ್ಠುರವಾಗಿ ಒಲ್ಲೆ ಎಂದಿತು. ಆ ಒಲ್ಲೆಯ ಬಾಯಿ ಮುಚ್ಚಿಸಿದವಳೂ ಅವಳೇ.

ಕೋಡಿನಲ್ಲಿ ಆ ಜಾಗಕ್ಕೆ ಹೋಗಲು ಅವಳಿಗೆ ಮನಸ್ಸಾಗಲಿಲ್ಲ, ಆದರೂ ಬೆರಳು ಹೋಯಿತು. ಉಳಿಸುವಾಗ ತಪ್ಪು ಬಂದರೆ ಹಿಡಿ ಎಂದಿತ್ತು. ಹಿಡಿದು ಏನು ಮಾಡಬೇಕೋ ಅಲ್ಲಿ ಏನೂ ಇರಲಿಲ್ಲ. ಖಾಲಿ. ಪಕ್ಕದಲ್ಲಿ ತನಗೆ ತಾನೇ ಬರೆದುಕೊಂಡ ಟಿಪ್ಪಣಿ: 'ಆಮೇಲೆ ನೋಡಬೇಕು.' ಅದರ ಕೆಳಗೆ, ಏನಾದರೂ ಆಗಲಿ ಏನೂ ಆಗದಿರಲಿ, ಧನ್ಯವಾದದ ಪುಟ. ಮೂರು ವರ್ಷದ ಹಿಂದೆ ಬೇರೊಂದು ಫಾರ್ಮನ್ನು ಉದ್ಘಾಟಿಸಲು ಯಾರೋ ದೊಡ್ಡವರು ಬಂದಿದ್ದರು. ಅವರು ಗುಂಡಿ ಒತ್ತಿದ್ದೇ ಗೋಡೆಯಗಲದ ಪರದೆಯ ಮೇಲೆ ಕೆಂಪು ಅಕ್ಷರಗಳು, ಅವಳ ಕೋಡಿನ ಸಾಲುಗಳು, ಬಟ್ಟೆ ಕಳಚಿ ನಿಲ್ಲಿಸಿದ ಹಾಗೆ. "ನಮ್ಮ ಮನೆ ಮಿಕ್ಸೀನೂ ಹೀಗೇ, ನಾಲ್ಕು ಜನ ಬಂದಾಗಲೇ ಕೈಕೊಡುತ್ತೆ" ಎಂದು ಅವರು ಹೇಳಿದಾಗ ಸಭೆ ಗೊಳ್ಳೆಂದಿತು. ಅವರು ಒಳ್ಳೆಯವರೇ, ಅವಳನ್ನು ಕಾಪಾಡಲೆಂದೇ ಹಾಗೆ ಅಂದದ್ದು. ಅವಳೂ ನಕ್ಕಳು. ಕಿವಿಯ ತುದಿ ಮಾತ್ರ ಮನೆಗೆ ಹೋಗುವ ತನಕ ಉರಿಯುತ್ತಿತ್ತು. ಇನ್ನು ಮುಂದೆ ಯಾರೂ ತನ್ನ ತಪ್ಪನ್ನು ನೋಡಕೂಡದು ಎಂದು ಆ ದಿನ ಬರೆದ ಸಾಲುಗಳು ಇವು. ಆ ಮೇಲೆ ಎಲ್ಲ ಫಾರ್ಮಿಗೂ ಇದನ್ನೇ ಎತ್ತಿ ಅಂಟಿಸುತ್ತ ಬಂದಳು. ಯಾರೂ ನೋಡಲಿಲ್ಲ. ಅವಳೂ ನೋಡಲಿಲ್ಲ.

"ಬರೆದ್ಯೇನೇ?" ಎನ್ನುತ್ತಿದ್ದಳು ಅಜ್ಜಿ, ಆ ಸ್ಲೇಟಿನ ದಿನಗಳಲ್ಲಿ.

"ಬರೆದೆ ಅಜ್ಜಿ."

ಅಜ್ಜಿಯ ಎರಡು ಕಣ್ಣಿಗೂ ಪೊರೆ. ಬೇರೆ ಊರಿನಲ್ಲಿದ್ದ ತನ್ನ ಅಕ್ಕನಿಗೆ ವಾರಕ್ಕೊಂದು ಕಾಗದ ಹೇಳಿ ಬರೆಸುವಳು. ಕಾಗದ ಹಾಳಾಗಬಾರದೆಂದು ಮೊದಲು ಸ್ಲೇಟಿನ ಮೇಲೆ. ತುಂಬಿದ ಹಾಗೆ ಅದನ್ನು ಶಾಯಿಯಲ್ಲಿ ಇಳಿಸಿ ಒರೆಸಬೇಕು. ಅಜ್ಜಿಯ ಮಾತಿಗೆ ಕೊನೆ ಮೊದಲಿಲ್ಲ. ಹಸುಕಂದನ ಕೆಮ್ಮು, ಎದುರುಮನೆಯ ಜಗಳ, ಸೋರುವ ಕೊಡ. ಹೊರಗೆ ಗೆಳತಿಯರು ಕುಂಟಾಟಕ್ಕೆ ಕರೆಯುತ್ತಿದ್ದರೆ ಅವಳು ಬಳಪವನ್ನು ಸ್ಲೇಟಿನ ಚೌಕಟ್ಟಿಗೆ ಟಕಟಕ ಕುಟ್ಟುವಳು, ಬರೆಯುವ ಸದ್ದು ಬರಲೆಂದು. ಓದು ಎಂದರೆ ಅಜ್ಜಿ ಹೇಳಿದ್ದನ್ನೇ ಬಾಯಲ್ಲಿ ಒಪ್ಪಿಸುವಳು. ಜಾಣೆ ಎಂದು ಅಜ್ಜಿ ತಲೆ ಸವರುವಳು. ಒಮ್ಮೆ ಆ ಅಕ್ಕನ ಉತ್ತರ ಬಂತು. ಓದಿ ಹೇಳಬೇಕಾದವಳು ಅವಳೇ. 'ನಾನು ಬಿದ್ದು ಕಾಲು ಮುರಿದುಕೊಂಡದ್ದನ್ನು ಬರೆದಿದ್ದೆ. ನೀನು ಒಂದು ಮಾತೂ ಕೇಳಲಿಲ್ಲ. ಇರಲಿ.' ಕಾಲಿನ ಬಗ್ಗೆ ಅಜ್ಜಿ ಸ್ಲೇಟಿನ ಎರಡು ಬದಿ ತುಂಬುವಷ್ಟು ಹೇಳಿದ್ದಳು, ಅಳುತ್ತ. ಕೊನೆಗೆ ಅಜ್ಜಿ ಅಂದದ್ದು ಇಷ್ಟೇ: "ನಾನೇ ಹೇಳೋದು ಮರೆತಿರಬೇಕು ಮಗಾ. ವಯಸ್ಸಾಯ್ತು ನೋಡು."

ಕಿಟಕಿಯ ಸಂದಿಯಿಂದ ಹೊಗೆಯ ಎಳೆಯೊಂದು ಬಂತು. ಬೆಳಗಿನ ಒಗೆತದ್ದೇ ಇರಬೇಕು, ಆ ಒಲೆ ಎರಡಕ್ಕೆ ತಾನೆ. ಅವಳು ಮತ್ತೆ ಲಾಗಿಗೆ ಬಂದಳು. ನಲವತ್ತಮೂರು ಸಾಲು, ನಲವತ್ತಮೂರು ಉದ್ದ. ಒಬ್ಬರು ಒಂದೇ ಸಾಲು ಬರೆದು ಎದ್ದು ಹೋಗಿದ್ದಾರೆ. ಒಬ್ಬರು ಪುಟ ತೆರೆದು ಹತ್ತು ನಿಮಿಷ ಕೂತು ಬರೆದದ್ದು ನಾಲ್ಕು ಪದದಷ್ಟು. ಎಲ್ಲಕ್ಕಿಂತ ಉದ್ದದ್ದು ಒಂದು ಗುರುವಾರದ್ದು: ಎರಡು ಗಂಟೆಗೆ ತೆರೆದ ಪುಟ, ಮೂರು ಹತ್ತಕ್ಕೆ ಒತ್ತಿದ್ದು. ಒಂದು ಗಂಟೆ ಹತ್ತು ನಿಮಿಷ. ಕೈಬರಹದಲ್ಲಾದರೆ ಎರಡು ಪುಟ ತುಂಬುವಷ್ಟು ಮಾತು. ಏನು ಮಾತು? ಆ ಉದ್ದದ ಒಳಗೆ ಯಾವ ಮಾತನ್ನು ಇಟ್ಟರೂ ಹಿಡಿಸುತ್ತದೆ. ಹೊದಿಸದೆ ಬಿಟ್ಟ ಶಾಲು, ಕೊಡದೆ ಉಳಿದ ಉತ್ತರ. ಹೀಗೆ ತುಂಬಿಸಿ ನೋಡುತ್ತ ಹೋದರೆ ತಲೆ ಕೆಡುತ್ತದೆ ಎಂದು ಗೊತ್ತಿದ್ದೂ ಒಂದಾದ ಮೇಲೆ ಒಂದು ತುಂಬಿಸಿದಳು. ಮುಖಗಳೂ ಇಲ್ಲ. ದಿನಕ್ಕೆ ನಾಲ್ಕು ಸಲ ಹಜಾರ ದಾಟುವಾಗ ಅವಳು ನೋಡಿದ್ದು ಬೆನ್ನುಗಳನ್ನು ಮಾತ್ರ. ಗೋಡೆಗೆ ಮುಖ ಮಾಡಿದ ಕಂಪ್ಯೂಟರು, ಅದರ ಮುಂದೆ ಬಾಗಿದ ಒಂದೊಂದು ಬೆನ್ನು. ಕಾಲರು ತಿರುಗಿಸಿ ಹೊಲಿದ ಅಂಗಿ. ಬೆವರಿನ ಉಪ್ಪು ಕಟ್ಟಿದ ರವಿಕೆ. ಒಂದೇ ಬೆರಳನ್ನು ಮೇಲೆತ್ತಿ ಅಕ್ಷರ ಹುಡುಕುವಾಗ ಏಳುವ ಭುಜ. ಒಂದು ದಿನ ಒಂದು ಬೆನ್ನು ಅರ್ಧ ತಿರುಗಿ ಕೇಳಿತ್ತು: "ಇಲ್ಲಿ ಒತ್ತಿದ್ರೆ ಹೋಗುತ್ತಾ ಮಗಳೇ?" ನಡೆಯುತ್ತಲೇ ಅಂದಿದ್ದಳು: "ಹೋಗುತ್ತೆ ಹೋಗುತ್ತೆ." ಮುಖ ನೋಡಿರಲಿಲ್ಲ. ಕಿವಿಯಲ್ಲಿ ಒಂದು ಬಿಳಿ ಹರಳು ಮಾತ್ರ ನೆನಪು.

ಫೋನು ಹೊಡೆದುಕೊಂಡಿತು. ಅವಳು ಬೆಚ್ಚಿಬಿದ್ದಳು. ಗಂಡ. ಶಾಲಾ ಸಮವಸ್ತ್ರ ಹೊಲಿಯುವ ದರ್ಜಿ ಅವನು, ಮುಂದಿನ ಕೋಣೆಯೇ ಅಂಗಡಿ.

"ಲೇ, ಅಳತೆ ಟೇಪು ಎಲ್ಲಿಟ್ಟಿದೀಯೇ? ಬೆಳಿಗ್ಗೆಯಿಂದ ಹುಡುಕಿ ಸಾಕಾಯ್ತು."

"ನಿಮ್ಮ ಕೊರಳಲ್ಲೇ ನೋಡ್ಕೊಳ್ಳಿ."

"ಹೌದಲ್ಲೇ! ಸರಿ ಸರಿ, ಯಾರಿಗೂ ಹೇಳ್ಬೇಡ." ಅವನು ನಕ್ಕ. ಆ ಮೇಲೆ, "ಯಾಕೆ, ದನಿ ಒಂಥರಾ ಇದೆ?"

"ಏನಿಲ್ಲ ರೀ." ಹೇಳಿಬಿಡಬಹುದಿತ್ತು. ಅವನು 'ಅಯ್ಯೋ ಬಿಡು, ಮಾಡೋರ ಕೈಯಲ್ಲೇ ತಪ್ಪಾಗೋದು' ಎನ್ನುತ್ತಿದ್ದ. ಅದನ್ನು ಕೇಳಲು ಆಸೆಯಾಯಿತು, ಬಾಯಾರಿದವರಿಗೆ ನೀರಿನ ಆಸೆಯಾಗುವಷ್ಟು. ಅದಕ್ಕೇ ಹೇಳಲಿಲ್ಲ.

ಗಡಿಯಾರದಲ್ಲಿ ಹನ್ನೆರಡೂವರೆ. ಸುಮ್ಮನಿರಬಹುದು ಎಂಬ ಯೋಚನೆ ಬಾಗಿಲು ತಟ್ಟದೆ ಒಳಗೆ ಬಂದು ಕೂತಿತು. ಹೆಸರುಗಳಿಲ್ಲ, ಕೇಳುವವರಿಲ್ಲ. ಎರಡು ಗಂಟೆ ಕಳೆದರೆ ಕೊಡಬೇಕಾದ ವಸ್ತುಗಳೂ ಇರುವುದಿಲ್ಲ. ಯಾರಾದರೂ ಬಂದರೆ 'ನೀವು ಸರಿಯಾಗಿ ಒತ್ತಿಲ್ಲ' ಎಂದರೆ ಆಯಿತು, ಅವರು ನಂಬುತ್ತಾರೆ. ಅವರು ನಂಬಿಬಿಡುತ್ತಾರೆ ಎಂಬುದೇ ಅವಳನ್ನು ಕುರ್ಚಿಯಿಂದ ಎಬ್ಬಿಸಿತು.

ದೊಡ್ಡಮೇಡಂ ಮೇಜಿನ ಮೇಲೆ ಕಾಗದಗಳನ್ನು ಹರಡಿಕೊಂಡು ಕನ್ನಡಕವನ್ನು ತಲೆಗೆ ಏರಿಸಿ ಕೂತಿದ್ದರು.

"ಬಾರಮ್ಮ. ಮುಖ ಯಾಕೆ ಹೀಗಿದೆ? ನಿನ್ನ ಸರ್ವರ್ ಮತ್ತೆ ಮಲಗ್ತಾ?"

"ಇಲ್ಲ ಮೇಡಂ. ಅದು ಎದ್ದೇ ಇತ್ತು. ಮಲಗಿದ್ದೋಳು ನಾನು."

ಹೇಳುತ್ತ ಹೋದಳು. ಮೊದಲೇ ಕಟ್ಟಿಕೊಂಡು ಬಂದ ವಾಕ್ಯಗಳು ಎರಡನೆಯದಕ್ಕೇ ಮುಗಿದುಹೋದವು. ಮೇಡಂ ಕನ್ನಡಕ ಇಳಿಸಿ ಹಾಕಿಕೊಂಡರು.

"ಎಷ್ಟು ಜನ?"

"ನಲವತ್ತಮೂರು. ಒಬ್ಬರೇ ಎರಡು ಸಲ ಒತ್ತಿದ್ರೆ ಒಂದೆರಡು ಕಮ್ಮಿ."

"ಹೆಸರು, ವಿಳಾಸ?"

"ಇಲ್ಲ ಮೇಡಂ. ಬಂದ ಹೊತ್ತಿದೆ. ಎಷ್ಟುದ್ದ ಬರೆದಿದ್ರು ಅಂತ ಇದೆ."

"ಬರೆದದ್ದು?"

"ಇಲ್ಲ."

ಮೇಡಂ ಫೋನೆತ್ತಿದರು. "ಒಲೆ ಹಚ್ಚಬೇಡಿ. ಒಂದು ಚೂರೂ ಒಳಗೆ ಹೋಗಬಾರದು... ನಾನು ಹೇಳ್ತಿದೀನಲ್ಲ. ಕಾರಣ ಆಮೇಲೆ." ಯಾರ ತಪ್ಪೆಂದು ಫೋನಿನಲ್ಲಿ ಹೇಳಲಿಲ್ಲ. ಅದನ್ನು ಅವಳು ಗಮನಿಸಿದಳು. ಇಟ್ಟ ಮೇಲೆ ಮೇಡಂ ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು. "ಫೋನ್ ನಂಬರ್ ಬಿಡು ಅಂದೋಳು ನಾನೇ ಅಲ್ವಾ?"

"ನೀವು ಹೇಳಿದ್ದು ಸರಿ ಮೇಡಂ. ನಾನು ಮಾಡಿದ್ದು ಅರ್ಧ."

"ವರದಿ ಹೋಗುತ್ತೆ. ನಿನ್ನ ಹೆಸರು ಬರುತ್ತೆ ಅದರಲ್ಲಿ. ಕೆಲಸದ್ದು ಏನಾಗುತ್ತೋ ನಾನು ಹೇಳಲಾರೆ."

"ಬರಲಿ."

"ಹಜಾರದಲ್ಲಿ ದೊಡ್ಡಕ್ಷರದಲ್ಲಿ ಚೀಟಿ ಅಂಟಿಸು. ಆ ಕಂಪ್ಯೂಟರ್ ಪಕ್ಕ ನೀನೇ ಕೂತ್ಕೋ, ಒಂದು ತಿಂಗಳು. ಬಂದೋರು ಬರ್ತಾರೆ." ಮತ್ತೆ, ದನಿ ತಗ್ಗಿಸಿ: "ಆ ಬೀಗದೋರಿಗೆ ನಾನು ಹೇಳ್ಲಾ?"

ಹೂಂ ಎನ್ನಲು ಗಂಟಲು ಸಿದ್ಧವಾಗಿತ್ತು. "ಬೇಡ ಮೇಡಂ. ಅವರದೇ ತಪ್ಪು ಅಂತ ಹೇಳಿಸಿದ್ದು ನಾನು."

ಹಳೆಯ ಭಾಗದ ಓಣಿಯಲ್ಲಿ ದೀಪ ತೆಗೆದಿದ್ದರು. ವಾರ್ಡುಗಳ ಬಾಗಿಲು ತೆರೆದೇ ಇದ್ದವು; ಒಳಗೆ ಮಂಚಗಳಿದ್ದ ಕಡೆ ನೆಲದ ಮೇಲೆ ಚೌಕ ಚೌಕವಾಗಿ ಬೇರೆ ಬಣ್ಣ. ನಡೆಯುತ್ತಿದ್ದ ಅವಳಿಗೆ ತನ್ನ ಹಿಂದೆ ಯಾರೋ ಸಾಲಾಗಿ ಬರುತ್ತಿದ್ದಾರೆ ಎನ್ನಿಸಿತು. ತಿರುಗಿದರೆ ಅವರೂ ತಿರುಗಿಬಿಡುತ್ತಾರೆ, ಆಗಲೂ ಕಾಣುವುದು ಬೆನ್ನೇ. ಅವಳು ತಿರುಗಲಿಲ್ಲ. ಉಗ್ರಾಣದ ಮುಂದಿನ ಬೆಂಚಿನ ಮೇಲೆ ಅವನು ಇನ್ನೂ ಕೂತಿದ್ದ. ಹೋಗಿರುತ್ತಾನೆ ಎಂದುಕೊಂಡಿದ್ದಳು, ಹೋಗಿರಲಿ ಎಂದೂ. ತೊಡೆಯ ಮೇಲೆ ಬಟ್ಟೆಯ ಚೀಲ, ಬೆರಳ ತುದಿಗಳಲ್ಲಿ ಎಣ್ಣೆಯ ಕಪ್ಪು. ಉಗ್ರಾಣದಣ್ಣ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡಿದ್ದ.

"ಇವರೇ ನೋಡಿ, ಕಂಪ್ಯೂಟರಿನೋರು" ಎಂದ ಉಗ್ರಾಣದಣ್ಣ.

ಬೀಗದವನು ಎದ್ದು ನಿಂತ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನು ಎದ್ದು ನಿಂತದ್ದು ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. "ತೊಂದ್ರೆ ಕೊಟ್ಟೆ ಅಂತ ತಿಳ್ಕೋಬೇಡಿ ಅಮ್ಮ. ನಾನು ಎಲ್ಲಿ ತಪ್ಪು ಒತ್ತಿದೆ ಅಂತ ಒಂಚೂರು ತೋರಿಸ್ತೀರಾ? ಜಗಳಕ್ಕಲ್ಲ. ಮೂವತ್ತೈದು ವರ್ಷ ಬೀಗದ ಕೆಲಸ. ಎಲ್ಲಿ ಸಿಕ್ಕಿಕೊಳ್ತು ಅಂತ ತಿಳೀದೆ ಮನೆಗೆ ಹೋಗಿ ಅಭ್ಯಾಸ ಇಲ್ಲ."

"ನೀವು ಸರಿಯಾಗೇ ಒತ್ತಿದ್ರಿ."

ಅವನು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದ.

"ತಪ್ಪು ನಂದು. ನೀವು ಬರೆದದ್ದು ಒಳಗೆ ಹೋಗಿ ಉಳೀಲೇ ಇಲ್ಲ. ಉಳೀದೇ ಇದ್ರೂ ಧನ್ಯವಾದ ಅಂತ ತೋರಿಸೋ ಹಾಗೆ ನಾನೇ ಮಾಡಿಟ್ಟಿದ್ದೆ. ಬೆಳಿಗ್ಗೆ ಅಣ್ಣನ ಹತ್ರ ನಿಮ್ಮದೇ ತಪ್ಪು ಅಂತ ಹೇಳಿಸಿದ್ದೂ ನಾನೇ. ನೋಡ್ದೆ ಹೇಳಿಸಿದೆ."

ಅವನು ನಿಧಾನವಾಗಿ ಕೂತ. ಅವಳ ಮಾತನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿರುವಂತಿತ್ತು. "ಅಂದ್ರೆ ಕೀಲಿ ತಿರುಗ್ತು. ಕಟ್ ಅಂತ ಸದ್ದೂ ಬಂತು. ಬೀಗ ಬಿದ್ದಿರ್ಲಿಲ್ಲ."

"ಹೌದು."

"ಎಲ್ಲಾದಕ್ಕಿಂತ ಕೆಟ್ಟ ಬೀಗ ಅದು." ಬೈಗುಳವಿರಲಿಲ್ಲ ಅದರಲ್ಲಿ, ಕೆಲಸ ಬಲ್ಲವನ ಮಾತು ಅಷ್ಟೇ. "ಮುರಿದದ್ದಾದ್ರೆ ಮನುಷ್ಯ ಎಚ್ಚರದಲ್ಲಿರ್ತಾನೆ."

"ನಾನು ಮೊದಲಿಂದ ಹೇಳ್ತಾ ಬಂದೆ" ಎಂದ ಉಗ್ರಾಣದಣ್ಣ, "ಇವರ ಯಂತ್ರಕ್ಕೆ ಬಾಯಿದೆ, ಹೊಟ್ಟೆ ಇಲ್ಲ ಅಂತ." ನಗಿಸಲು ಹೇಳಿದ್ದು, ಯಾರೂ ನಗಲಿಲ್ಲ. ಅವನು ತನ್ನ ಅಂಗೈಗಳನ್ನು ನೋಡಿಕೊಂಡ. "ಡಬ್ಬಿ ಅಲ್ಲಾಡಿಸಿದೆ ಕಣಮ್ಮ ನಿನ್ನೆ. ಒಳಗೇನೋ ಕಟಕಟ ಅಂತು. ಮುಚ್ಚಳ ತೆಗೆದು ನೋಡೋಣ ಅನ್ನಿಸ್ತು. ಇನ್ನೂ ರಾಶಿ ಇತ್ತಲ್ಲ, ಹಾಕಿಬಿಟ್ಟೆ."

"ಹಲ್ಲಿನ ಸೆಟ್ಟು" ಎಂದ ಬೀಗದವನು. "ಅವಳದು. ಕೊನೇ ತಿಂಗಳು ಬಾಯಿಂದ ತೆಗೆಸಿ ಡಬ್ಬೀಲಿ ಹಾಕಿ ಇಟ್ಕೊಂಡಿದ್ರು ಇಲ್ಲಿ. ಅವಳು ಹೋದ ದಿನ ಗಡಿಬಿಡೀಲಿ ಎಲ್ಲಾ ಇಸ್ಕೊಂಡೆ, ಅದನ್ನ ಕೇಳೋಕೆ ನಾಚಿಕೆ ಆಯ್ತು. ಹಲ್ಲು ಕೊಡಿ ಅಂತ ಹೆಂಗೆ ಕೇಳೋದು ಅಷ್ಟು ಜನರ ಮುಂದೆ? ಹಾಗೇ ಕಳಿಸ್ಬಿಟ್ಟೆ ಅವಳನ್ನ. ಬಾಯಿ ಒಳಕ್ಕೆ ಹೋಗಿತ್ತು. ಅವಳ ತಮ್ಮ ಬಂದು ನೋಡಿ, ಇದು ನಮ್ಮಕ್ಕ ಅಲ್ಲ ಅಂದ." ಅವನು ಚೀಲದ ಹಿಡಿಯನ್ನು ಸರಿಮಾಡಿದ. "ಗುರುವಾರ ಮಧ್ಯಾಹ್ನ ಬಂದು ಎಲ್ಲಾ ಬರೆದೆ. ಮೂರು ದಾಟಿತ್ತು ಏಳೋವಾಗ."

ಮೂರು ಹತ್ತು. ಎಲ್ಲಕ್ಕಿಂತ ಉದ್ದದ್ದು. ಅವಳು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. "ನೀವು ಬರೆದದ್ದನ್ನ ಇನ್ನೊಂದು ಸಲ ಹೇಳಿದ್ರೆ..." ಎಂದಳು, ಅದರಿಂದ ಯಾರಿಗೆ ಏನು ಸಿಗುತ್ತದೆ ಎಂದು ತಿಳಿಯದೆಯೇ. "ನಾನು ಬರ್ಕೊಳ್ತೀನಿ."

"ಇಲ್ಲಮ್ಮ." ಅವನು ತಲೆಯಾಡಿಸಿದ. "ಒಂದು ಸಲ ಹೇಳೋದಿತ್ತು, ಹೇಳಿದೆ. ಆ ಯಂತ್ರದ ಮುಂದೆ ಯಾರೂ ಇರ್ಲಿಲ್ಲ, ಅದಕ್ಕೇ ಆಯ್ತು."

ಬೆಂಕಿ ಹಚ್ಚಬಾರದೆಂದು ತಿಳಿದ ಉಗ್ರಾಣದಣ್ಣ ಒಳಗೆ ಹೋಗಿ, ಬಾಗಿಲ ಬಳಿ ರಾಶಿ ಹಾಕಿದ್ದ ಚೀಲಗಳನ್ನು ಒಂದೊಂದಾಗಿ ಮತ್ತೆ ಕಪಾಟಿಗೆ ಏರಿಸತೊಡಗಿದ. ಊರುಗೋಲುಗಳನ್ನು ಕೆಳಗಿಡುವ ಸದ್ದು, ಯಾವುದೋ ಸಣ್ಣ ಗಂಟೆ ಉರುಳಿದ ಸದ್ದು. ಅವನು ಈಗ ಪ್ರತಿಯೊಂದು ಡಬ್ಬಿಯ ಮುಚ್ಚಳವನ್ನೂ ತೆಗೆದು ನೋಡುತ್ತಿದ್ದ. ಅವಳು ಏಳಬೇಕಿತ್ತು. ಚೀಟಿ ಬರೆಯಬೇಕು, ಟೇಬಲ್ಲಿನ ಆ ಕಟ್ಟಳೆ ತೆಗೆಯಬೇಕು, ಖಾಲಿ ಬಿಟ್ಟ ಜಾಗದಲ್ಲಿ ತಪ್ಪನ್ನು ತಪ್ಪೆಂದು ಹೇಳುವ ಸಾಲು ಬರೆಯಬೇಕು. ಕಾಲುಗಳಿಗೆ ಅದು ತಿಳಿಯಲಿಲ್ಲ. ಪಕ್ಕದವನೂ ಹೋಗಲಿಲ್ಲ. ಪರವಾಗಿಲ್ಲ ಎನ್ನಲಿಲ್ಲ, ಎನ್ನಲಿ ಎಂದು ತಾನು ಕಾಯುತ್ತಿರುವುದು ಅವಳಿಗೇ ಗೊತ್ತಾಗಿ ನಾಚಿಕೆಯಾಯಿತು. ಹೊಸ ಕಟ್ಟಡದ ಕಡೆಯಿಂದ ಒಂದು ಗಂಟೆಯ ಊಟದ ಗಂಟೆ ಕೇಳಿಸಿತು.

ಅವನು ಚೀಲ ಬಿಚ್ಚಿ ಊಟದ ಡಬ್ಬಿ ತೆಗೆದ. ಅದರ ಕೆಳಗೆ ಇನ್ನೊಂದಿತ್ತು. ಎರಡನ್ನೂ ಬೆಂಚಿನ ಮೇಲಿಟ್ಟು, ಎರಡನೆಯದನ್ನು ಯಾರೋ ತನ್ನ ಚೀಲಕ್ಕೆ ಹಾಕಿದ್ದಾರೆ ಎಂಬಂತೆ ನೋಡಿದ. "ಇಲ್ಲಿಗೆ ಬರೋದಂದ್ರೆ ಅವಳಿಗೂ ಅಂತ ಕೈ ತಾನೇ ಎರಡು ಕಟ್ಟಿಬಿಡುತ್ತೆ" ಎಂದ, ಅವಳಿಗಲ್ಲ, ಡಬ್ಬಿಗೆ. ಅಂಗಿಯ ಅಂಚಿನಿಂದ ಅದರ ಮುಚ್ಚಳ ಒರೆಸಿದ. ಆ ಮೇಲೆ ಅವಳ ಕಡೆ ನೋಡದೆ ಅದನ್ನು ಎತ್ತಿ ಅವಳ ಕೈಗಳಲ್ಲಿ ಇಟ್ಟ. ಇನ್ನೂ ಬೆಚ್ಚಗಿತ್ತು.